ತೇಯ್ದು ಕೊಟ್ಟ ಕ್ಯಾಪ್ಸೂಲು

ತೇಯುವ ಕಲ್ಲನ್ನು ಹುಡುಕಬೇಡಿ. ಅದನ್ನು ನಾನೇ ಬಚ್ಚಲ ಹಿಂದೆ ಎಸೆದಿದ್ದೇನೆ.

ಶಿರಸಿಯ ಆಸ್ಪತ್ರೆಗೆ, ಅತ್ತೆಯ ಹತ್ತಿರ ಹೋಗುತ್ತಿದ್ದೇನೆ. ಅನ್ನ ಮಾಡಿಟ್ಟಿದೆ. ತಂಬುಳಿಗೆ ನೀವೇ ಅರೆದುಕೊಳ್ಳಿ, ಅರೆಯುವುದು ತೇಯುವುದು ನಿಮಗೆ ಚೆನ್ನಾಗಿ ಬರುತ್ತದೆ.

ಅತ್ತೆಯ ಕೈ ನಡುಗಿದ್ದು, ಎದೆ ಹೊಡೆದುಕೊಂಡಿದ್ದು ನಾನು ಕೊಟ್ಟ ಮಜ್ಜಿಗೆಯಿಂದ ಎಂದು ಹೆಗಡೆಕಟ್ಟಾ ಊರಿಗೆಲ್ಲ ಹೇಳಿಕೊಂಡು ಬಂದಿರಿ. ಮೊನ್ನೆ ನಿಮ್ಮ ಅಂಗಿ ನೆನೆಹಾಕಿದೆ. ಜೇಬಿನಲ್ಲಿ ಅತ್ತೆಯ ಕ್ಯಾಪ್ಸೂಲಿನ ಖಾಲಿ ಚಿಪ್ಪುಗಳು ಕರಗಿ ಅಂಟಾಗಿದ್ದವು.

ಚಿಪ್ಪು ಮೂಳೆಯ ಅಂಟಿನದು, ತಾಯಿಯ ಬಾಯಿಗೆ ಮೈಲಿಗೆ ಎಂದು ಒಳಗಿನ ಕಾಳುಗಳನ್ನು ಜೇನಿನಲ್ಲಿ ತೇಯ್ದು ನೆಕ್ಕಿಸಿದಿರಿ. ದಮ್ಮಿನ ಮದ್ದು ದಿನವಿಡೀ ಸ್ವಲ್ಪಸ್ವಲ್ಪವೇ ಇಳಿಯಲಿ ಎಂದೇ ಅದನ್ನು ಕಾಳು ಮಾಡಿರುತ್ತಾರಂತೆ. ತೇಯ್ದರೆ ಇಡೀ ದಿನದ್ದು ಒಂದೇ ಸಲಕ್ಕೆ ಮೈಗೆ ಏರುತ್ತದೆ ಎಂದರು ಡಾಕ್ಟರು. ಹೋದ ವರ್ಷ ನಿಮ್ಮ ಜ್ವರಕ್ಕೆ ಕೊಟ್ಟ ಕೆಂಪು-ಕಪ್ಪು ಕ್ಯಾಪ್ಸೂಲನ್ನು ಇಡಿಯಾಗಿ ನುಂಗಿದಿರಲ್ಲ, ಅದರ ಚಿಪ್ಪು ಯಾವ ಹೂವಿನದು?

ಹತ್ತರ ಬಸ್ಸಿಗೆ ಬನ್ನಿ. ಅತ್ತೆಯ ಶಾಲು ತನ್ನಿ. ತೇಯ್ದವರು ಯಾರು ಎಂದು ಡಾಕ್ಟರು ಕೇಳುತ್ತಿದ್ದಾರೆ. ನಾನು ಹೇಳಿಲ್ಲ, ನೀವೇ ಬಂದು ಹೇಳಿ. ಮಜ್ಜಿಗೆಯ ಕತೆ ಕೇಳಿದ ಮನೆಗಳಿಗೂ ದಾರಿಯಲ್ಲಿ ಇದನ್ನು ಹೇಳಿಯೇ ಬನ್ನಿ.

ನಿನ್ನೆ ಸಂಜೆ ಆಸ್ಪತ್ರೆಯಲ್ಲಿ, ಚಿಪ್ಪು ಎಂಥದ್ದು ಎಂದು ಹೇಳಿಯೇ ಅತ್ತೆಗೆ ಕ್ಯಾಪ್ಸೂಲು ಕೊಟ್ಟೆ. ಒಂದೇ ಗುಟುಕಿಗೆ ನುಂಗಿದರು. "ಎಂಗೆ ಉಸುರು ಬೇಕು ಕೂಸೇ. ಮಾಣಿಗೆ ಮಾತ್ರ ಹೇಳಡ" ಎಂದು, ನಿಮಗೆ ಹೇಳದಂತೆ ಬೇಡಿಕೊಂಡರು.

ಹೇಳಿದ್ದೇನೆ.