ಕಂಪ್ಯೂಟರ್ ಓದಿದ ನನ್ನ ಪುಟ

ಮಾರ್ಚ್ 3, ಸೋಮವಾರ

ಬಟ್ಟೆ ಒಣಹಾಕಿ ಬಂದೆ, ಮೇಲ್ ನೋಡಿದೆ. ‘ವಿಷಾದಿಸುತ್ತೇವೆ.’ ಕೆಲಸದ ಅರ್ಜಿ ಕಳಿಸಿದ್ದು ಬಕೆಟ್ ಎತ್ತಿಕೊಳ್ಳುವ ಮುಂಚೆ. ಇಷ್ಟು ಬೇಗ ವಿಷಾದಪಡಲು ಮನುಷ್ಯರಿಂದಂತೂ ಆಗದು. ನಾನಿದ್ದ ವಾರಪತ್ರಿಕೆ ಮುಚ್ಚಿದ ಮೇಲೆ ಇದು ಎಷ್ಟನೆಯದೋ... ಲೆಕ್ಕ ಬಿಟ್ಟಿದ್ದೇನೆ.

ನನ್ನ ಸಿವಿಯಲ್ಲಿ ಕೊರತೆಯಿಲ್ಲ. ಪತ್ರಿಕೆಯ ಪುಟ ಕಟ್ಟಿದ ಕೈ ಇದು. ಎರಡು ಕಾಲಂ, ಎಡಕ್ಕೆ ತೆಳು ಬೂದು ಪಟ್ಟಿ, ಕಣ್ಣಿಗೆ ಉಸಿರಾಡಲು ಜಾಗ. ಹೆಂಡತಿ ನರ್ಸ್. ನನ್ನ ಸಂಬಳ ನಿಂತಾಗಿನಿಂದ ಎರಡೆರಡು ಪಾಳಿ. ಬಟ್ಟೆ ಒಗೆಯಲು ನನಗೆ ನಾಚಿಕೆಯಿಲ್ಲ. ಸಂಜೆ ಅವಳ ಊದಿದ ಕಾಲು ನೋಡುವಾಗ ಆಗುತ್ತದೆ.

ಮಾರ್ಚ್ 9, ಭಾನುವಾರ

ನಾದಿನಿ ಬಂದಿದ್ದಳು. ಅವಳ ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ಆರಿಸುವವಳು ಅವಳೇ. ಸಿವಿ ನೋಡಿ ನಕ್ಕಳು.

“ಭಾವ, ಮದುವೆ ಕಾರ್ಡ್ ಥರ ಇದೆ! ಮೊದಲು ಓದೋದು ಸಾಫ್ಟ್‌ವೇರ್. ಅದಕ್ಕೆ ಕಾಲಂ ಗೀಲಂ ತಿಳಿಯಲ್ಲ, ಅಡ್ಡಡ್ಡ ಓದ್ಕೊಂಡು ಹೋಗುತ್ತೆ.”

ಸಾಫ್ಟ್‌ವೇರ್ ಓದುವ ಹಾಗೆ ಬರೀ ಅಕ್ಷರಗಳನ್ನು ಎತ್ತಿ ತೋರಿಸಿದಳು. ‘ಹದಿನೇಳು ವರ್ಷ ವಿವಾಹಿತ ಮುಖ್ಯ ವಿನ್ಯಾಸಕ ಈಜು.’ ಇಷ್ಟು ದಿನ ಕೋಣನ ಮುಂದೆ ಕಿನ್ನರಿ ಬಾರಿಸಿದ್ದೆ.

“ಒಂದೇ ಕಾಲಂ ಮಾಡಿ. ಜಾಹೀರಾತಲ್ಲಿರೋ ಪದಗಳನ್ನೇ ಹಾಕಿ. ಬಣ್ಣ ಬೇಡ.”

“ಪುಟ ಕಟ್ಟೋನು ಪುಟ ಕಟ್ಟದೆ ಕೆಲಸ ಕೇಳ್ಬೇಕಾ?”

“ಅಕ್ಕನ ಮುಖ ನೋಡ್ಕೊಂಡು ಹೇಳಿ.”

ಹೆಂಡತಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು.

ಮಾರ್ಚ್ 11

ತೆಗೆದೆ. ಪಟ್ಟಿ, ಗೆರೆ, ಎಲ್ಲ. ಕೋಳಿ ಪುಕ್ಕ ತರಿದಂತೆ. ‘ಪುಟ ಕಟ್ಟುವುದು’ ಹೋಗಿ ‘ಲೇಔಟ್ ಡಿಸೈನ್’ ಬಂತು. ಕಳಿಸಿದ ಮೇಲೂ ಬೇಜಾರು ಹೋಗಲಿಲ್ಲ.

ಮಾರ್ಚ್ 20

ಕರೆ ಬಂತು! ಮಕ್ಕಳ ಪುಸ್ತಕದ ಪ್ರಕಾಶನ. ನಾಳೆ ಸಂದರ್ಶನ. ಬೇಡವೆಂದರೂ ಹೆಂಡತಿಯೇ ಶರ್ಟ್ ಇಸ್ತ್ರಿ ಮಾಡಿದಳು.

ಮಾರ್ಚ್ 21, ಮಧ್ಯಾಹ್ನ — ಅವರ ಆಫೀಸಿನ ಬೆಂಚು

ಸಂಪಾದಕಿ ನನಗಿಂತ ಹಿರಿಯರು. ಸಿವಿಯನ್ನು ಬೆರಳ ತುದಿಯಲ್ಲಿ ಹಿಡಿದಿದ್ದರು.

“ಡಿಸೈನರ್ ಅಂತೀರಿ. ಇದನ್ನ ನೋಡಿದ್ರೆ ಹಾಗನ್ಸಲ್ವಲ್ಲ?”

ಮೈ ಉರಿಯಿತು. ಬಾಯಿಗೆ ಬಂದದ್ದನ್ನು ಹೇಳಿಯೇ ಬಿಟ್ಟೆ.

“ಅದು ನಿಮಗೆ ಬರೆದದ್ದಲ್ಲ ಮೇಡಂ. ನಿಮ್ಮ ಕಂಪ್ಯೂಟರ್‌ಗೆ.”

ಸಿಗಬೇಕಿದ್ದ ಕೆಲಸವನ್ನು ಕೈಯಾರೆ ಕಳೆದುಕೊಂಡೆ ಎಂದುಕೊಂಡೆ. ಅವರು ನಗಲಿಲ್ಲ. ಬಿಳಿ ಹಾಳೆ, ಪೆನ್ಸಿಲ್ ಮುಂದಿಟ್ಟರು.

“ಹಾಗಾದ್ರೆ ನನಗೆ ಬರೀರಿ.”

ಮೊದಲು ಅಂಚು ಬಿಟ್ಟೆ. ಆಮೇಲೆ ಕೈ ತಾನೇ ನಡೆಯಿತು.

ಹಾಳೆ ಈಗ ಒಳಗೆ, ನಾನು ಹೊರಗೆ. ಬಾಗಿಲು ಅರ್ಧ ತೆರೆದಿದೆ. ಸಂಪಾದಕಿ ಯಾರಿಗೋ ಗಟ್ಟಿಯಾಗಿ ಓದಿ ಹೇಳುತ್ತಿದ್ದಾರೆ. ನನ್ನ ಹೆಸರಿನಿಂದ ಶುರುಮಾಡಿ, ನಿಧಾನವಾಗಿ, ಒಂದು ಸಾಲೂ ಬಿಡದೆ... ನಿಲ್ಲಿಸಿದರು. ಕುರ್ಚಿ ಸರಿದ ಸದ್ದು. ಬಾಗಿಲಿಗೆ ಅವರೇ ಬಂದರು, ನನ್ನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು—