ಒದ್ದೆ ಬಣ್ಣದ ಬೋರ್ಡು

ಗುರುವಾರ, ಮಾರ್ಚ್ ೧೪

ಇನ್‌ಸ್ಪೆಕ್ಷನ್ ಮುಗಿಯಿತು, ನಾವು ಪಾಸ್.

ಚಿಕ್ಕಪ್ಪನ ಹೊಲಿಗೆ ಕಾರ್ಖಾನೆಯ ಎಮರ್ಜೆನ್ಸಿ ಬಾಗಿಲಿಗೆ ನಿನ್ನೆ ಕೆಂಪು ಬಣ್ಣ ಬಳಿದರು. ಕೆಲಸದವರು ಬಟ್ಟೆ ಕದ್ದು ಸಾಗಿಸುತ್ತಾರೆಂದು ಚಿಕ್ಕಪ್ಪ ಅದನ್ನು ಹಿಂದಿನ ಓಣಿಯ ಕಡೆಯಿಂದ ತೆರೆಯದ ಹಾಗೆ ವೆಲ್ಡಿಂಗ್ ಮಾಡಿಸಿದ್ದಾರೆ. ಒಳಗೆ ಹೊಲಿಯುವವರಿಗೆ ಗೊತ್ತಿಲ್ಲ. ನಾನು ನೋಡಿದ್ದೇನೆ.

“ಕಾಲೇಜ್ ಹುಡುಗಿ ನೀನು. ‘ವೆಟ್ ಪೇಂಟ್, ಮುಟ್ಟಬೇಡಿ’ ಅಂತ ಚೆನ್ನಾಗಿ ಬರ್ದುಕೊಡಮ್ಮ” ಎಂದರು ಚಿಕ್ಕಪ್ಪ. ಯಾಕೆಂದು ಅರ್ಥವಾಯಿತು. ಬರೆದುಕೊಟ್ಟೆ.

ಇನ್‌ಸ್ಪೆಕ್ಟರ್ ಬಾಗಿಲು ತಳ್ಳಲು ಕೈ ಚಾಚಿದರು. ಬೋರ್ಡು ಕಂಡದ್ದೇ ಬಿಳಿ ಅಂಗಿಯ ತೋಳನ್ನು ಹಿಂದಕ್ಕೆಳೆದುಕೊಂಡರು. “ಯಾರಮ್ಮ ಬರೆದಿದ್ದು? ಮುತ್ತಿನಂಥ ಅಕ್ಷರ!” ಥ್ಯಾಂಕ್ಯೂ ಸರ್ ಎಂದೆ. ಕಾಲೇಜ್ ಕಲಿಸಿದ ಮ್ಯಾನರ್ಸು!

ಅಮ್ಮನ ಮೆಷಿನ್ ಇರುವುದು ಆ ಬಾಗಿಲಿನ ಪಕ್ಕದಲ್ಲೇ. ಊಟಕ್ಕೆ ಕೂತಾಗ ಅವಳಿಗೆ ಎಂಥ ಖುಷಿ! “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಲ್ಲರಿಗಿಂತ ಮೊದ್ಲು ಆಚೆ ಓಡೋಳು ನಾನೇ ಕಣೆ!” ನಾನೂ ನಕ್ಕೆ. ಅದೇಕೆ ನಕ್ಕೆನೋ.

ಹೇಳಿದರೆ ಅಮ್ಮ ಸುಮ್ಮನಿರುವವಳಲ್ಲ, ಜಗಳಕ್ಕೇ ನಿಲ್ಲುತ್ತಾಳೆ. ನಾವಿರುವುದೂ ಚಿಕ್ಕಪ್ಪನ ಮನೆಯಲ್ಲೇ. ಹೇಳದಿದ್ದರೆ ಬೆಳಿಗ್ಗೆ ಅವಳು ಮತ್ತೆ ಅಲ್ಲೇ ಹೋಗಿ ಕೂತು, ಆ ಬಾಗಿಲನ್ನು ನಂಬಿಕೊಂಡು…