ಅಮ್ಮ ಹತ್ತದ ಗಾಡಿ

ವಾಹನ ತೆರಿಗೆ ಅಧಿಕಾರಿಗಳಿಗೆ ನಮಸ್ಕಾರ.

ಹಳೆಯ ವ್ಯಾನಿನೊಳಗೆ ಮಂಚ, ಒಲೆ, ಸಿಂಕು ಕೂರಿಸಿ ನಾನು ಕೈಯಾರೆ ಮಾಡಿದ ಮೋಟರ್‌ಹೋಮನ್ನು ನಿಮ್ಮ ಕಚೇರಿ ‘ಶವವಾಹನ’ ಎಂದು ದಾಖಲಿಸಿ, ರಸ್ತೆ ತೆರಿಗೆಯನ್ನು ಪೂರ್ತಿ ಮನ್ನಾ ಮಾಡಿದೆ. ದಯವಿಟ್ಟು ಅದನ್ನು ತಿದ್ದಿ ನನಗೆ ತೆರಿಗೆ ಹಾಕಬೇಕು.

ತಪ್ಪು ಹೇಗಾಯಿತೆಂದು ಬಲ್ಲೆ. ತಪಾಸಣೆಯ ದಿನ, ಮಂಚ ಮೆತ್ತಗಿದೆಯೇ ನೋಡುತ್ತೇನೆಂದು ಮಲಗಿದ ಎಂಬತ್ತೆರಡು ವರ್ಷದ ನನ್ನ ತಾಯಿ, ಬಿಳಿ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡು ನಿದ್ದೆಹೋಗಿದ್ದರು. ನಿಮ್ಮ ಇನ್‌ಸ್ಪೆಕ್ಟರು ಹಿಂಬಾಗಿಲು ತೆರೆದವರೇ ಟೋಪಿ ತೆಗೆದು ಒಂದು ನಿಮಿಷ ತಲೆತಗ್ಗಿಸಿ ನಿಂತರು. ಆಮೇಲೆ ನನ್ನ ಹೆಗಲು ತಟ್ಟಿ, ಏನೂ ಕೇಳದೆ ಬರೆದುಕೊಂಡು ಹೋದರು. ಯಾಕೆಂದು ನನಗೆ ಹೊಳೆದದ್ದು ನಿಮ್ಮ ಕಚೇರಿಯ ಕಾಗದ ಬಂದಮೇಲೆ. ಸಜ್ಜನರು, ನಿಜ. ಆದರೆ ಬೀದಿಗೆಲ್ಲ ಕೇಳುವ ಅಮ್ಮನ ಗೊರಕೆ ಅವರಿಗೊಬ್ಬರಿಗೆ ಹೇಗೆ ಕೇಳಲಿಲ್ಲವೋ!

‘ತೆರಿಗೆ ಉಳೀತಲ್ಲ, ಸುಮ್ನಿರಣ್ಣ’ ಎಂದ ನನ್ನ ತಮ್ಮ. ಅಷ್ಟರಲ್ಲಿ ಅಮ್ಮ ಕಾಗದ ಓದಿಬಿಟ್ಟಿದ್ದರು.

‘ಹೆಣದ ಗಾಡೀನ ಯಾರಾದ್ರೂ ತಾವಾಗೇ ಹತ್ತುತ್ತಾರೇನೋ? ನಾಲ್ಕು ಜನ ಎತ್ತಿ ಹಾಕೋವರೆಗೂ ನಾನು ಹತ್ತಲ್ಲ!’

ಕಟ್ಟಿಟ್ಟಿದ್ದ ಚೀಲವನ್ನು ಬಿಚ್ಚಿ ಬಟ್ಟೆಗಳನ್ನು ಮತ್ತೆ ಬೀರುವಿಗೆ ಸೇರಿಸಿದ್ದಾರೆ. ಅವರು ಈವರೆಗೆ ಸಮುದ್ರ ನೋಡಿಲ್ಲ. ನಾನು ಗಾಡಿ ಮಾಡಿದ್ದೇ ಅದಕ್ಕೆ. ಡಾಕ್ಟರನ್ನು ಕೇಳಿದರೆ, ‘ಹೋಗೋದಾದ್ರೆ ಬೇಗ ಹೋಗಿ ಬನ್ನಿ’ ಎಂದಷ್ಟೇ ಹೇಳಿ ಚೀಟಿ ಬರೆಯತೊಡಗಿದರು.

ಮರುತಪಾಸಣೆಗೆ ಅದೇ ಇನ್‌ಸ್ಪೆಕ್ಟರನ್ನು ಕಳಿಸಿ. ಅಮ್ಮ ಅವರೊಡನೆ ಎರಡು ಮಾತಾಡಬೇಕಂತೆ. ಈ ವಾರವೇ ಆದರೆ ಒಳ್ಳೆಯದು. ತಡವಾದರೆ ನಿಮ್ಮ ದಾಖಲೆಯೇ ಸರಿಯಾಗಿಬಿಟ್ಟೀತು.

ತೆರಿಗೆ ಕಟ್ಟಲು ಕಾದಿರುವ,
ಬಡಗಿ